ಹಿಮಗುಹೆಯ ವೈದ್ಯ ಡಾ. ಮರ್ರೆ ಲೆವಿಕ್



ದಕ್ಷಿಣ ಧ್ರುವ ಎಂದೊಡನೆ ನಿಮಗೆ ಎರಡು ಹೆಸರುಗಳು ನೆನಪಾಗಬಹುದು. ಒಂದು, ಮೊದಲು ಅಲ್ಲಿ ಕಾಲಿಟ್ಟ ನಾರ್ವೆಯ ಅಮುಂಡ್ಸೆನ್. ಇನ್ನೊಂದು, ಅವರ ಹಿಂದೆ ತಲುಪಿ ಮರಳುವ ದಾರಿಯಲ್ಲಿ ನಾಲ್ವರು ಸಂಗಡಿಗರೊಂದಿಗೆ ಪ್ರಾಣಬಿಟ್ಟ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್. ಆದರೆ ಸ್ಕಾಟರ ಅದೇ ಯಾತ್ರೆಯಲ್ಲಿ ಇನ್ನೂ ಆರು ಮಂದಿ ಬೇರೊಂದು ಕಡೆ ಹಿಮದಲ್ಲಿ ಸಿಕ್ಕಿಬಿದ್ದಿದ್ದರು, ಒಂದು ಇಡೀ ಚಳಿಗಾಲವನ್ನು ಮಂಜಿನ ಗುಹೆಯಲ್ಲಿ ಕಳೆದರು ಮತ್ತು ಆರೂ ಮಂದಿ ಜೀವಂತವಾಗಿ ಮರಳಿದರು ಎಂಬುದು ಹೆಚ್ಚು ಮಂದಿಗೆ ತಿಳಿಯದು. ಸತ್ತವರು ವೀರರೆನಿಸಿಕೊಂಡರು, ಬದುಕಿ ಬಂದವರನ್ನು ಜಗತ್ತು ಬೇಗ ಮರೆಯಿತು. ಆ ಆರು ಮಂದಿಯಲ್ಲಿ ಒಬ್ಬರು ನೌಕಾಪಡೆಯ ವೈದ್ಯರು. ಹೆಸರು ಜಾರ್ಜ್ ಮರ್ರೆ ಲೆವಿಕ್.

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಎಲ್ಲಿಯದೋ ಇಂಗ್ಲಿಷ್ ವೈದ್ಯರ ಕಥೆ ಏಕೆ ಎಂದು ನೀವು ಕೇಳಬಹುದು. ಕಾರಣ ಸರಳ. ದೇಹವು ನಮಗೆ ಅಮಾನತ್ತಾಗಿ ಬಂದದ್ದು, ಅದರ ಲೆಕ್ಕ ಕೊಡಬೇಕು ಎಂದು ನಾವು ವೇದಿಕೆಯ ಮೇಲೆ ಹೇಳುತ್ತೇವೆ. ಆದರೆ ಪರೀಕ್ಷೆ ಹತ್ತಿರ ಬಂದರೆ ನಮ್ಮ ಶಾಲೆಗಳಲ್ಲಿ ಮೊದಲು ಮಾಯವಾಗುವುದು ಆಟದ ಪೀರಿಯಡ್ಡು. ದೇಹವನ್ನು ಹದಗೊಳಿಸುವುದು ವೈದ್ಯನ ಕೆಲಸದ ಅರ್ಧ ಪಾಲು ಎಂದು ನಂಬಿ, ಹಾಗೆಯೇ ಬದುಕಿ, ಆ ನಂಬಿಕೆಯ ಫಲವನ್ನು ಕುರುಡರಿಗೂ ಅಂಗವಿಕಲ ಮಕ್ಕಳಿಗೂ ಹಂಚಿದ ಒಬ್ಬರ ಜೀವನವನ್ನು ನೀವು ಓದಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಲೆವಿಕ್ ಹುಟ್ಟಿದ್ದು 1876ರ ಜುಲೈ 3ರಂದು, ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ. ತಂದೆ ಸಿವಿಲ್ ಇಂಜಿನಿಯರ್. ಅಕ್ಕ ರೂಬಿ ಮುಂದೆ ಹೆಸರಾಂತ ಶಿಲ್ಪಿಯಾದರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದು, ನಂತರ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ. 1902ರಲ್ಲಿ ಬ್ರಿಟಿಷ್ ನೌಕಾಪಡೆಗೆ ವೈದ್ಯರಾಗಿ ಸೇರಿದರು.

ಆ ಕಾಲದ ಹಡಗಿನ ವೈದ್ಯನ ಕೆಲಸ ನಿಮಗೆ ಊಹಿಸಲು ಕಷ್ಟವಲ್ಲ. ಜ್ವರ, ಗಾಯ, ಹೊಟ್ಟೆನೋವು, ಮತ್ತೆ ಔಷಧದ ಪೆಟ್ಟಿಗೆ. ಯುವ ಲೆವಿಕ್‌ಗೆ ಅಷ್ಟೇ ಸಾಲಲಿಲ್ಲ. ನಾವಿಕರ ಅಂಗಸಾಧನೆ, ಆಹಾರ, ಆಟ ಇವೆಲ್ಲ ವೈದ್ಯನ ವ್ಯಾಪ್ತಿಗೇ ಸೇರಿದವು ಎಂಬುದು ಅವರ ನಿಲುವು. ಕೈಯಲ್ಲಿ ಚೆಂಡು ಹಿಡಿದು ಎದುರಾಳಿಗಳನ್ನು ಭೇದಿಸಿ ಓಡುವ ರಗ್ಬಿ ಆಟ ಅವರಿಗೆ ಅಚ್ಚುಮೆಚ್ಚು. 1907ರಲ್ಲಿ ನೌಕಾಪಡೆಯ ರಗ್ಬಿ ಸಂಘ ಆರಂಭವಾದಾಗ ಅದರ ಕಾರ್ಯದರ್ಶಿಯಾದವರು ಇವರೇ. ಕಾರ್ಯದರ್ಶಿ ಎಂದರೆ ಯಾವ ಕೆಲಸ ಎಂದು ಸಂಘ ಸಂಸ್ಥೆ ನಡೆಸುವವರಿಗೆ ನಾನು ಹೇಳಬೇಕಾಗಿಲ್ಲ! ಚಪ್ಪಾಳೆ ಆಡುವವರಿಗೆ, ಪತ್ರ ಬರೆಯುವ ಕೆಲಸ ಕಾರ್ಯದರ್ಶಿಗೆ.

1910ರಲ್ಲಿ ಸ್ಕಾಟರ ದಕ್ಷಿಣ ಧ್ರುವ ಯಾತ್ರೆಗೆ ವೈದ್ಯ ಹಾಗೂ ಪ್ರಾಣಿಶಾಸ್ತ್ರಜ್ಞರಾಗಿ ಲೆವಿಕ್ ಆಯ್ಕೆಯಾದರು. ನೌಕಾಪಡೆ ರಜೆ ಕೊಟ್ಟಿತು. ಟೆರಾ ನೋವಾ ಎಂಬ ಹಡಗು ಆ ವರ್ಷದ ಜೂನ್ ತಿಂಗಳಲ್ಲಿ ಹೊರಟಿತು. ಅಂಟಾರ್ಕ್ಟಿಕ ತಲುಪಿದ ಮೇಲೆ ಸ್ಕಾಟರು ಧ್ರುವದ ಕಡೆಗೆ ಸಿದ್ಧತೆ ನಡೆಸಿದರೆ, ವಿಕ್ಟರ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಆರು ಜನರ ಒಂದು ಚಿಕ್ಕ ತಂಡ ಉತ್ತರದ ಕೇಪ್ ಅಡೇರ್ ಎಂಬಲ್ಲಿಗೆ ಹೋಯಿತು. ಇವರ ಕೆಲಸ ಧ್ರುವ ಮುಟ್ಟುವುದಲ್ಲ, ಸಂಶೋಧನೆ. ಕ್ಯಾಂಪ್‌ಬೆಲ್, ಲೆವಿಕ್, ಭೂವಿಜ್ಞಾನಿ ರೇಮಂಡ್ ಪ್ರೀಸ್ಟ್ಲಿ, ನಾವಿಕರಾದ ಅಬಟ್, ಬ್ರೌನಿಂಗ್ ಮತ್ತು ಡಿಕಸನ್. 1911ರ ಫೆಬ್ರವರಿ 18ರಂದು ಅವರು ಅಲ್ಲಿ ಇಳಿದರು.

ಕೇಪ್ ಅಡೇರ್ ಎಂದರೆ ಅಡೆಲಿ ಪೆಂಗ್ವಿನ್‌ಗಳ ದೊಡ್ಡ ಊರು. ಲೆವಿಕ್ ಅಲ್ಲಿ ಒಂದು ಪೂರ್ತಿ ಋತು ಕುಳಿತು ಹಕ್ಕಿಗಳನ್ನು ನೋಡಿದರು. ಅವು ಬಂದು ಕಲ್ಲುಗಳನ್ನು ಕೂಡಿಹಾಕಿ ಗೂಡು ಕಟ್ಟುವುದು, ಪಕ್ಕದ ಗೂಡಿನ ಕಲ್ಲನ್ನು ಕದಿಯುವುದು, ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುವುದು ಎಲ್ಲವನ್ನೂ ಬರೆದಿಟ್ಟರು. 1914ರಲ್ಲಿ ಅವರ ಪೆಂಗ್ವಿನ್ ಪುಸ್ತಕ ಹೊರಬಂತು. ಕೆಲವು ಸಂಗತಿಗಳು ಆ ಕಾಲದ ಸಭ್ಯರಿಗೆ ಹೇಳಲಾಗದಂಥವು ಎನ್ನಿಸಿ, ಅವನ್ನು ದಿನಚರಿಯಲ್ಲಿ ಗ್ರೀಕ್ ಅಕ್ಷರಗಳಲ್ಲಿ ಬರೆದರು. ಆ ಭಾಗ ಮುಖ್ಯ ವರದಿಯಿಂದ ಹೊರಗುಳಿಯಿತು. ಶತಮಾನದ ನಂತರ, 2012ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾದಾಗ ಅವರು ನೋಡಿದ್ದು ಸರಿಯೆಂದು ತಜ್ಞರು ಒಪ್ಪಿದರು. ತನಗೆ ಮುಜುಗರವಾದದ್ದನ್ನೂ ಬರೆಯದೆ ಬಿಡದ ಪ್ರಾಮಾಣಿಕತೆ ವಿದ್ಯಾರ್ಥಿಗಳು ಗಮನಿಸಬೇಕಾದದ್ದು.

ಇನ್ನು ಗುಹೆಯ ಕಥೆಗೆ ಬರುತ್ತೇನೆ.

1912ರ ಜನವರಿ 8ರಂದು ಹಡಗು ಈ ಆರು ಮಂದಿಯನ್ನು ಕೇಪ್ ಅಡೇರ್‌ನಿಂದ ತಂದು ದಕ್ಷಿಣಕ್ಕಿರುವ ಟೆರಾ ನೋವಾ ಕೊಲ್ಲಿಯ ದಡದಲ್ಲಿ ಇಳಿಸಿತು. ಸುಮಾರು ಆರು ವಾರದ ಕೆಲಸ. ಅಷ್ಟಕ್ಕೇ ತಕ್ಕ ಆಹಾರ, ಬೇಸಿಗೆಯ ಬಟ್ಟೆ. ಫೆಬ್ರವರಿಯಲ್ಲಿ ಹಡಗು ಬಂದು ಕರೆದೊಯ್ಯಬೇಕಿತ್ತು. ಬರಲಿಲ್ಲ. ಸಮುದ್ರದ ಮೇಲೆ ಮಂಜುಗಡ್ಡೆ ಗಟ್ಟಿಯಾಗಿ ಕಟ್ಟಿಕೊಂಡು ಹಡಗಿಗೆ ದಾರಿ ಸಿಗಲಿಲ್ಲ. ಇವರು ದಡದಲ್ಲಿ ನಿಂತು ದಿನ ದಿನವೂ ಕಡಲು ನೋಡಿದರು. ಗಾಳಿಯಂತೂ ನಿಲ್ಲುವ ಮಾತೇ ಇಲ್ಲ.

ಮಾರ್ಚ್ ಬಂದಾಗ ಹಡಗು ಇನ್ನು ಬಾರದು ಎಂದು ಖಚಿತವಾಯಿತು. ಅಲ್ಲಿ ಮಾರ್ಚ್ ಎಂದರೆ ಚಳಿಗಾಲದ ಬಾಗಿಲು, ಮುಂದೆ ತಿಂಗಳುಗಟ್ಟಲೆ ಕತ್ತಲು. ಗಟ್ಟಿಯಾದ ಹಿಮದ ರಾಶಿಯೊಂದನ್ನು ಕೊರೆದು ಗುಹೆ ಮಾಡತೊಡಗಿದರು. ಉದ್ದ 12 ಅಡಿ, ಅಗಲ 9 ಅಡಿ, ಎತ್ತರ ಐದೂವರೆ ಅಡಿ. ಅದರಲ್ಲಿ ಆರು ಜನ. ನಿಮ್ಮ ಮನೆಯ ಒಂದು ಕೋಣೆಯನ್ನು ಅಳೆದು ನೋಡಿ. ಎತ್ತರದವರಿಗೆ ನೆಟ್ಟಗೆ ನಿಲ್ಲಲೂ ಸಾಧ್ಯವಿರಲಿಲ್ಲ. ಗುಹೆ ಮುಗಿಯುವ ಮೊದಲೇ ಒಂದು ಬಿರುಗಾಳಿಗೆ ಲೆವಿಕ್, ಬ್ರೌನಿಂಗ್, ಅಬಟ್ ಇದ್ದ ಗುಡಾರದ ಕೋಲುಗಳು ಮುರಿದುಬಿದ್ದವು. ಮೂವರೂ ಬಟ್ಟೆಯ ಅಡಿಯಲ್ಲಿ ಗಂಟೆಗಟ್ಟಲೆ ಬಿದ್ದಿದ್ದು, ಕೊನೆಗೆ ಮಂಜಿನ ಮೇಲೆ ತೆವಳುತ್ತಾ ಗುಹೆ ಸೇರಿಕೊಂಡರು. ಆ ರಾತ್ರಿ ಒಂದು ಮಲಗುವ ಚೀಲದಲ್ಲಿ ಇಬ್ಬಿಬ್ಬರು.

ಆ ದ್ವೀಪಕ್ಕೆ ಅವರು ಇಟ್ಟ ಹೆಸರಿನ ಅರ್ಥ, ಬಣ್ಣಿಸಲಾಗದ್ದು ಎಂದು. ಇಂದಿಗೂ ಭೂಪಟದಲ್ಲಿ ಅದೇ ಹೆಸರಿದೆ.

ಊಟಕ್ಕೆ ಸೀಲ್ ಮತ್ತು ಪೆಂಗ್ವಿನ್ ಮಾಂಸ. ಒಲೆಗೂ ದೀಪಕ್ಕೂ ಸೀಲಿನ ಕೊಬ್ಬು. ಚಿಕ್ಕ ಡಬ್ಬದಲ್ಲಿ ಕೊಬ್ಬಿನೆಣ್ಣೆ ಹಾಕಿ ದಾರದ ಬತ್ತಿ ಇಳಿಬಿಟ್ಟರೆ ಅದೇ ದೀಪ. ಅದರ ಹೊಗೆಗೆ ಕಣ್ಣು ಉರಿಯುತ್ತಿತ್ತು, ಮುಖ ಕಪ್ಪಾಗಿತ್ತು, ಬಟ್ಟೆ ಜಿಡ್ಡು ಹಿಡಿದು ಬೆಚ್ಚಗಿಡುವ ಗುಣವನ್ನೇ ಕಳೆದುಕೊಂಡಿತ್ತು. ಉಳಿದ ಅಲ್ಪಸ್ವಲ್ಪ ಸಾಮಾನಿನ ಉಸ್ತುವಾರಿ ಪ್ರೀಸ್ಟ್ಲಿಯವರದು. ದಿನಕ್ಕೆ ಒಂದು ಬಿಸ್ಕತ್ತು. ಭಾನುವಾರ ತಲಾ 12 ತುಂಡು ಸಕ್ಕರೆ. ತಿಂಗಳ ಕೊನೆಯ ದಿನ ತಲಾ 25 ಒಣದ್ರಾಕ್ಷಿ. ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಒಮ್ಮೆ ಬೇಟೆಯಾಡಿದ ಸೀಲಿನ ಹೊಟ್ಟೆ ಸೀಳಿದಾಗ ಇನ್ನೂ ಜೀರ್ಣವಾಗದ 36 ಮೀನುಗಳು ಸಿಕ್ಕವು. ಅಂದು ಹಬ್ಬ. ರಂಜಾನಿನ ಹಸಿವು ಬಲ್ಲವರು ನೀವು. ಆದರೆ ನಮ್ಮ ಹಸಿವಿಗೆ ಮಗ್ರಿಬ್ ಎಂಬ ಗಡುವು ಇದೆ. ಅವರ ಹಸಿವಿಗೆ ಗಡುವೇ ಇರಲಿಲ್ಲ.

ಇಂಥ ಕಡೆ ವೈದ್ಯ ಏನು ಮಾಡಬಲ್ಲ? ಅಬಟ್ ಒಮ್ಮೆ ಸೀಲನ್ನು ಕೊಲ್ಲುವಾಗ ಚೂರಿ ಜಾರಿ ಮೂರು ಬೆರಳುಗಳ ಸ್ನಾಯುರಜ್ಜುಗಳೇ ಕತ್ತರಿಸಿಹೋದವು. ಆ ಕೊಬ್ಬಿನ ದೀಪದ ಮಂದ ಬೆಳಕಿನಲ್ಲಿ, ಮಸಿ ಹಿಡಿದ ಕೈಗಳಲ್ಲಿ ಲೆವಿಕ್ ಚಿಕಿತ್ಸೆ ಮಾಡಿದರು. ಗಾಯ ಮಾಯಿತು, ಬೆರಳುಗಳು ಮಾತ್ರ ಮೊದಲಿನಂತಾಗಲಿಲ್ಲ. ಅದಕ್ಕಿಂತ ದೊಡ್ಡ ಶತ್ರು ಹೊಟ್ಟೆಯ ರೋಗ. ಬರೀ ಮಾಂಸ ಮತ್ತು ಕೊಬ್ಬು ತಿಂದು ಎಲ್ಲರಿಗೂ ಭೇದಿ ಹಿಡಿಯಿತು. ಬ್ರೌನಿಂಗ್ ಅವರಂತೂ ತಿಂಗಳುಗಟ್ಟಲೆ ನರಳಿ ಕೃಶರಾದರು. ಮಾಂಸ ಕರಗಿಸಲು ಬಳಸುತ್ತಿದ್ದ ಡಬ್ಬದ ಮೇಲೆ ಸಂಶಯ ಬಂದು ಅದನ್ನು ಕೈಬಿಟ್ಟರು. ಇದ್ದ ಔಷಧ ಕಡಿಮೆ, ಬೇಕಾದ ಪಥ್ಯ ಅಲ್ಲಿ ಇರಲೇ ಇಲ್ಲ. ತನ್ನ ಕಣ್ಣೆದುರು ಒಬ್ಬ ಸಂಗಡಿಗ ಸವೆಯುತ್ತಿರುವಾಗ ಏನೂ ಮಾಡಲಾಗದ ವೈದ್ಯನ ಮನಸ್ಸನ್ನು ನೀವೇ ಊಹಿಸಿಕೊಳ್ಳಿ.

ಆದ್ದರಿಂದಲೇ ಔಷಧವಲ್ಲದ ಔಷಧಗಳು ಅಲ್ಲಿ ಮುಖ್ಯವಾದವು. ಕ್ಯಾಂಪ್‌ಬೆಲ್ ಗುಹೆಯ ನೆಲದ ಮೇಲೆ ಒಂದು ಗೆರೆ ಎಳೆದರು. ಈಚೆ ಅಧಿಕಾರಿಗಳು, ಆಚೆ ನಾವಿಕರು. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆಗೆ ಕೇಳಿಸಲಿಲ್ಲ ಎಂದೇ ಲೆಕ್ಕ. ಮೊದಲು ಓದಿದಾಗ ನನಗೆ ಇದು ಇಂಗ್ಲಿಷರ ಮೇಲು ಕೀಳಿನ ಹುಚ್ಚು ಅನ್ನಿಸಿತ್ತು. ಯೋಚಿಸಿದಾಗ ಬೇರೆ ಕಂಡಿತು. ಹನ್ನೆರಡು ಅಡಿಯ ಗುಹೆಯಲ್ಲಿ ಆರು ತಿಂಗಳಿಗೂ ಹೆಚ್ಚು ಕಾಲ ಜಗಳವಾಡದೆ ಇರಬೇಕಾದರೆ, ಮೇಲಿನವರನ್ನು ಬಯ್ಯಲು ನಾವಿಕರಿಗೂ ಒಂದು ಜಾಗ ಬೇಡವೇ? ಭಾನುವಾರ ಪ್ರಾರ್ಥನೆ, ಧರ್ಮಗ್ರಂಥದ ಪಠಣ, ಹಾಡು. ರಾತ್ರಿ ಎಲ್ಲರೂ ಚೀಲದೊಳಗೆ ಸೇರಿಕೊಂಡ ಮೇಲೆ ಲೆವಿಕ್ ದೀಪದ ಪಕ್ಕ ಕುಳಿತು ಡಿಕನ್ಸ್‌ರ ಡೇವಿಡ್ ಕಾಪರ್‌ಫೀಲ್ಡ್ ಕಾದಂಬರಿಯನ್ನು ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಬೇಗ ಓದಿ ಮುಗಿಸುವ ಆಸೆ ಯಾರಿಗಿರಲಿಲ್ಲ! ಆದರೂ ಮರುದಿನಕ್ಕೆ ಉಳಿಸಿಕೊಂಡರು. ಹೀಗೆ ಎರಡು ತಿಂಗಳು ನಡೆಯಿತು. ಮರುದಿನ ಏನಾಯಿತು ಎಂದು ತಿಳಿಯುವ ಕುತೂಹಲ ಇದ್ದವನು ಮರುದಿನ ಏಳುತ್ತಾನೆ.

1912ರ ಸೆಪ್ಟೆಂಬರ್ 30ರಂದು ಅವರು ಗುಹೆ ಬಿಟ್ಟರು. ಮುಖ್ಯ ನೆಲೆಗೆ 200 ಮೈಲಿಗೂ ಹೆಚ್ಚು ದೂರ, ಸ್ಲೆಡ್ಜ್ ಬಂಡಿ ಎಳೆಯುತ್ತಾ ಮಂಜಿನ ಮೇಲೆ ಕಾಲ್ನಡಿಗೆ. ಬ್ರೌನಿಂಗ್ ಬದುಕುವ ಭರವಸೆ ಕಡಿಮೆಯಾಗಿತ್ತು. ದಾರಿಯಲ್ಲಿ, ಹಿಂದೆ ಬೇರೊಂದು ತಂಡ ಬಿಟ್ಟುಹೋಗಿದ್ದ ಆಹಾರದ ದಾಸ್ತಾನು ಸಿಕ್ಕಿತು. ಅದರಲ್ಲಿ ಬಿಸ್ಕತ್ತು ಇತ್ತು. ಹೊಟ್ಟೆ ತುಂಬ ಬಿಸ್ಕತ್ತು ತಿಂದ ಮೇಲೆ ಬ್ರೌನಿಂಗ್ ಚೇತರಿಸಿಕೊಂಡರು. ಆರು ತಿಂಗಳು ವೈದ್ಯರಿಗೆ ಸಾಧ್ಯವಾಗದ್ದು ಒಂದು ಡಬ್ಬ ಬಿಸ್ಕತ್ತಿನಿಂದ ಆಯಿತು. ಆಹಾರವೇ ಔಷಧ ಎಂಬ ಪಾಠವನ್ನು ಲೆವಿಕ್ ಮುಂದೆ ಜೀವನಪೂರ್ತಿ ಮರೆಯಲಿಲ್ಲ.

ನವೆಂಬರ್ 7ರಂದು ಕೇಪ್ ಇವಾನ್ಸ್‌ನ ನೆಲೆ ತಲುಪಿದಾಗ, ಸ್ಕಾಟ್ ಮತ್ತು ನಾಲ್ವರು ಕಳೆದ ಬೇಸಿಗೆಯಲ್ಲೇ ಮರಳದೆ ಹೋದ ಸುದ್ದಿ ಕಾದಿತ್ತು. ಅಲ್ಲಿ ಚಳಿಗಾಲವಿಡೀ ಉಸ್ತುವಾರಿ ವಹಿಸಿದ್ದವರೂ ನೌಕಾಪಡೆಯ ವೈದ್ಯರೇ, ಡಾ. ಎಡ್ವರ್ಡ್ ಅಟ್ಕಿನ್ಸನ್. ಅವರ ಮುಂದೆ ಕಠಿಣ ಪ್ರಶ್ನೆಯಿತ್ತು. ಖಂಡಿತ ಸತ್ತಿರುವ ಐವರ ಗುರುತು ಹುಡುಕಲು ದಕ್ಷಿಣಕ್ಕೆ ಹೋಗುವುದೇ, ಬದುಕಿರಬಹುದಾದ ಆರು ಮಂದಿಗಾಗಿ ಉತ್ತರಕ್ಕೆ ಹೋಗುವುದೇ? ಅವರು ದಕ್ಷಿಣವನ್ನು ಆರಿಸಿಕೊಂಡರು. ಈ ಆಯ್ಕೆ ಸರಿಯೇ ಎಂದು ಇಂದಿಗೂ ಚರ್ಚೆಯಾಗುತ್ತದೆ. ನವೆಂಬರ್ 12ರಂದು ಅಟ್ಕಿನ್ಸನ್ ತಂಡಕ್ಕೆ ಸ್ಕಾಟರ ಗುಡಾರ ಕಂಡಿತು. ಅಷ್ಟರೊಳಗೆ ಜೀವಂತರು ಯಾರ ನೆರವೂ ಇಲ್ಲದೆ ತಾವೇ ನಡೆದು ಬಂದಾಗಿತ್ತು. ಎಲ್ಲವೂ ಸುಖಾಂತವಾಗಿತ್ತು ಎಂದು ಮಾತ್ರ ಭಾವಿಸಬೇಡಿ. ಆರು ಮಂದಿಯಲ್ಲಿ ಒಬ್ಬರ ಮನಸ್ಸಿನ ಸ್ವಾಸ್ಥ್ಯ ಮರಳುವ ಯಾನದಲ್ಲಿ ಕದಡಿತು.

ಊರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಮೊದಲ ಮಹಾಯುದ್ಧ ಆರಂಭವಾಯಿತು. ಲೆವಿಕ್ ಬ್ಯಾಕಾಂಟೆ ಎಂಬ ಯುದ್ಧನೌಕೆಯ ವೈದ್ಯರಾಗಿ ಗಲ್ಲಿಪೊಲಿಯಲ್ಲಿದ್ದರು. ಈ ಹೆಸರು ಓದಿದಾಗ ನಮ್ಮ ಓದುಗರ ಮನಸ್ಸು ತುಸು ತಡೆಯುತ್ತದೆ ಎಂದು ನನಗೆ ಗೊತ್ತು. ಎದುರಿಗಿದ್ದದ್ದು ತುರ್ಕರ ಸೈನ್ಯ, ಉಸ್ಮಾನಿಯಾ ಖಿಲಾಫತ್ತಿನ ಸೈನ್ಯ. ಈ ಪಾಳಯದಲ್ಲಿ ಹಿಂದೂಸ್ತಾನದ ಸಿಪಾಯಿಗಳೂ ಇದ್ದರು. ಆ ಯುದ್ಧದ ನ್ಯಾಯಾನ್ಯಾಯ ಇಲ್ಲಿ ಬೇಡ. ಆಕ್ರಮಣಕ್ಕೆ ಹೋದ ಪಾಳಯದಲ್ಲಿ ಲೆವಿಕ್ ಇದ್ದರು ಎಂಬುದನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ಸರಿಯಲ್ಲ ಎಂದು ಇಷ್ಟು ಬರೆದೆ. 1915ರಲ್ಲಿ, ಅಂಟಾರ್ಕ್ಟಿಕದ ಸೇವೆಗಾಗಿ ಅವರಿಗೆ ಫ್ಲೀಟ್ ಸರ್ಜನ್ ಹುದ್ದೆಗೆ ವಿಶೇಷ ಬಡ್ತಿ ದೊರೆಯಿತು.

1918ರ ನವೆಂಬರಿನಲ್ಲಿ ಅವರು ಆಡ್ರೆ ಬೀಟನ್‌ರನ್ನು ವರಿಸಿದರು. ಈಕೆ, ಇಂಗ್ಲೆಂಡಿನ ಮನೆಮನೆಯಲ್ಲಿದ್ದ ಗೃಹಕೃತ್ಯ ಮತ್ತು ಅಡುಗೆ ಪುಸ್ತಕ ಬರೆದ ಇಸಬೆಲ್ಲಾ ಬೀಟನ್‌ರ ಮೊಮ್ಮಗಳು. ಸೀಲಿನ ಕೊಬ್ಬು ತಿಂದು ಬದುಕಿದವರಿಗೆ ಇಂಥ ಬೀಗತನ! ಅಲ್ಲಾಹನ ಲೆಕ್ಕಾಚಾರ ನಮಗೆ ತಿಳಿಯದು.

ನೌಕಾಪಡೆಯಿಂದ ನಿವೃತ್ತರಾದ ಲೆವಿಕ್ ಬಯಸಿದ್ದರೆ ಧ್ರುವಯಾತ್ರಿಕನೆಂಬ ಹೆಸರಿನಲ್ಲೇ ಭಾಷಣ ಮಾಡಿಕೊಂಡು ಬದುಕಬಹುದಿತ್ತು. ಅವರು ಹಿಡಿದ ದಾರಿ ಬೇರೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವಿದ್ಯುತ್ ಚಿಕಿತ್ಸಾ ವಿಭಾಗದಲ್ಲಿ ಕೆಲಸ. ನಿಶ್ಶಕ್ತವಾದ ಕೈಕಾಲುಗಳಿಗೆ ಮತ್ತೆ ಚಲನೆ ತರುವ ವಿದ್ಯೆ ಅದು. ಅಂದು ಫಿಸಿಯೋಥೆರಪಿ ಎಂಬ ಶಾಖೆ ಇನ್ನೂ ಎಳೆಯದು. ಈ ವಿದ್ಯೆಯನ್ನು ಕಣ್ಣಿಲ್ಲದವರಿಗೆ ಕಲಿಸಬೇಕೆಂದು ಲೆವಿಕ್ ಪಟ್ಟು ಹಿಡಿದರು. ಅಂಗಮರ್ದನವಾದರೆ ಸರಿ, ಬೆರಳಿನ ಸ್ಪರ್ಶ ಸಾಕು. ಆದರೆ ವಿದ್ಯುತ್ ಯಂತ್ರಗಳನ್ನು ಕುರುಡರ ಕೈಗೆ ಕೊಡುವುದೇ? ವಿರೋಧ ಬಲವಾಗಿತ್ತು. ಲೆವಿಕ್ ಜಗ್ಗಲಿಲ್ಲ. ತರಬೇತಿ ನಡೆಯಿತು, ಕಣ್ಣಿಲ್ಲದವರು ರೋಗಿಗಳ ಆರೈಕೆ ಮಾಡುವ ವೃತ್ತಿಗೆ ಬಂದರು. ದಾನದ ಬಟ್ಟಲು ಹಿಡಿಯಬೇಕಾಗಿದ್ದ ಕೈ ಇನ್ನೊಬ್ಬರ ನೋವು ತೆಗೆಯುವ ಕೈಯಾಯಿತು. ಝಕಾತಿನ ಹಣ ಎಲ್ಲಿ ಹೇಗೆ ಬಳಸಬೇಕೆಂದು ಪ್ರತಿ ವರ್ಷ ಚರ್ಚಿಸುವ ನಮಗೆ ಇದರಲ್ಲಿ ವಿಚಾರಕ್ಕೆ ಆಸ್ಪದವಿದೆ. ಸಸೆಕ್ಸ್‌ನ ಚೈಲಿ ಎಂಬಲ್ಲಿ ಅಂಗವಿಕಲ ಮಕ್ಕಳಿಗಾಗಿ ನಡೆಯುತ್ತಿದ್ದ ಹೆರಿಟೇಜ್ ಕ್ರಾಫ್ಟ್ ಶಾಲೆಗಳಲ್ಲೂ ಅವರು ವೈದ್ಯರಾಗಿ ದುಡಿದರು.

1932ರಲ್ಲಿ, ತಮ್ಮ 56ನೇ ವರ್ಷದಲ್ಲಿ ಶಾಲಾ ಬಾಲಕರಿಗಾಗಿ ಒಂದು ಅನ್ವೇಷಣಾ ಸಂಘ ಕಟ್ಟಿದರು. ರಜೆಯಲ್ಲಿ ಹುಡುಗರನ್ನು ಫಿನ್‌ಲ್ಯಾಂಡಿನ ಕಾಡುಗಳಿಗೆ, ನಂತರದ ವರ್ಷಗಳಲ್ಲಿ ನ್ಯೂಫೌಂಡ್‌ಲ್ಯಾಂಡಿಗೆ ಕರೆದೊಯ್ದರು. ಹೊರೆ ತಾವೇ ಹೊರಬೇಕು, ಅಡುಗೆ ತಾವೇ ಮಾಡಬೇಕು, ದಾರಿ ಅಳೆದು ನಕ್ಷೆ ಬರೆಯಬೇಕು. ಒಂದು ಮಾತು ಹೇಳದೆ ಇರಲಾರೆ. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಹೆಸರಿಗೆ ಸಾರ್ವಜನಿಕ, ನಿಜದಲ್ಲಿ ಹಣವಂತರ ಮಕ್ಕಳ ಶಾಲೆ. ಆರಂಭದಲ್ಲಿ ಸಂಘದ ಹೆಸರಿನಲ್ಲೂ ಅದೇ ಇತ್ತು. ಬಡವರ ಮಕ್ಕಳಿಗೂ ಬೇಕಾದದ್ದು ಮೊದಲು ಉಳ್ಳವರ ಮಕ್ಕಳಿಗೆ ಸಿಕ್ಕಿತು. ಮುಂದೆ ಸಂಘ ತನ್ನ ಹೆಸರನ್ನೂ ಬಾಗಿಲನ್ನೂ ಬದಲಿಸಿಕೊಂಡಿತು, ಹುಡುಗಿಯರಿಗೂ ಪ್ರವೇಶ ದೊರೆಯಿತು. ಬ್ರಿಟಿಷ್ ಎಕ್ಸ್‌ಪ್ಲೋರಿಂಗ್ ಸೊಸೈಟಿ ಎಂಬುದು ಅದರ ಈಗಿನ ಹೆಸರು. ಲೆವಿಕ್ ಸಾಯುವವರೆಗೂ ಅದರ ಅಧ್ಯಕ್ಷರಾಗಿದ್ದರು.

ಎರಡನೆಯ ಮಹಾಯುದ್ಧ ಬಂದಾಗ ಅವರಿಗೆ ಅರವತ್ತು ದಾಟಿತ್ತು. 1940ರಲ್ಲಿ ನೌಕಾಪಡೆ ಮತ್ತೆ ಕರೆಯಿತು. ಸ್ಕಾಟ್‌ಲ್ಯಾಂಡಿನ ಲಾಕೈಲರ್ಟ್ ತರಬೇತಿ ಕೇಂದ್ರದಲ್ಲಿ ಕಮಾಂಡೊ ಸೈನಿಕರಿಗೆ ದೇಹದಾರ್ಢ್ಯ, ಆಹಾರ, ಕಡಿಮೆಯಲ್ಲಿ ಬದುಕುವ ವಿದ್ಯೆ ಕಲಿಸಿದರು. ಹಿಮಗುಹೆಯ ಅನುಭವ ಇನ್ನೊಂದು ಗುಪ್ತ ಕೆಲಸಕ್ಕೂ ಬೇಕಾಯಿತು. ಜಿಬ್ರಾಲ್ಟರ್ ಎಂದರೆ ತಾರಿಕ್ ಬಿನ್ ಝಿಯಾದರ ಹೆಸರು ಹೊತ್ತ ಜಬಲ್ ತಾರಿಕ್, ನಿಮಗೆ ಗೊತ್ತೇ ಇದೆ. ಜರ್ಮನರು ಅದನ್ನು ವಶಪಡಿಸಿಕೊಂಡರೆ, ಆ ಬಂಡೆಯೊಳಗೆ ಕೊರೆದ ಕೋಣೆಯಲ್ಲಿ ಆರು ಮಂದಿಯನ್ನು ಇಟ್ಟು ಗೋಡೆ ಮುಚ್ಚುವುದು, ಅವರು ಸಣ್ಣ ಕಿಂಡಿಗಳಿಂದ ಹಡಗುಗಳನ್ನು ನೋಡಿ ರೇಡಿಯೋದಲ್ಲಿ ಸುದ್ದಿ ಕಳುಹಿಸುವುದು ಎಂಬ ಯೋಜನೆ. ಒಂದು ವರ್ಷದ ಆಹಾರ ಒಳಗೆ, ಹೊರಬರುವ ಬಾಗಿಲಿಲ್ಲ. ಮತ್ತೆ ಆರು ಮಂದಿ, ಮತ್ತೆ ಗುಹೆ! ಏನು ತಿನ್ನಬೇಕು, ಮನಸ್ಸು ಕೆಡದಂತೆ ಹೇಗಿರಬೇಕು ಎಂದು ಸಲಹೆ ಕೊಡಲು ಲೆವಿಕ್‌ಗಿಂತ ಬಲ್ಲವರು ಯಾರಿದ್ದರು? ವಿದ್ಯುತ್ತಿಗಾಗಿ ತುಳಿಯುವ ಸೈಕಲ್ಲನ್ನು ಒಳಗಿಟ್ಟರು, ಅದರಿಂದ ವ್ಯಾಯಾಮವೂ ಆಗುತ್ತಿತ್ತು. ಹೊರಗೆ ಸದ್ದು ಕೇಳಿಸದಂತೆ ಸರಪಳಿಯ ಬದಲು ಚರ್ಮದ ಪಟ್ಟಿ. ಜರ್ಮನರು ಬರಲಿಲ್ಲ, ಆ ಕೋಣೆಯನ್ನು ಮುಚ್ಚುವ ಪ್ರಸಂಗವೂ ಬರಲಿಲ್ಲ. 1997ರಲ್ಲಿ ಗುಹಾನ್ವೇಷಕರಿಗೆ ಅದು ಸಿಕ್ಕಿತು.

1956ರ ಮೇ 30ರಂದು ಡಾ. ಲೆವಿಕ್ ನಿಧನರಾದರು. ವಯಸ್ಸು 79.

ಅವರ ಒಂದು ವಸ್ತು ಮಾತ್ರ ಅಂಟಾರ್ಕ್ಟಿಕದಲ್ಲೇ ಉಳಿದಿತ್ತು. ಕೇಪ್ ಇವಾನ್ಸ್‌ನಲ್ಲಿ ಸ್ಕಾಟರ ನೆಲೆಯ ಹೊರಗೆ 2013ರಲ್ಲಿ ಹಿಮ ಕರಗಿದಾಗ, ನೂರು ವರ್ಷ ಮಂಜಿನಡಿ ಬಿದ್ದಿದ್ದ ಒಂದು ಪುಟ್ಟ ಟಿಪ್ಪಣಿ ಪುಸ್ತಕ ಕಾಣಿಸಿಕೊಂಡಿತು. ಹೊಲಿಗೆ ಕರಗಿ ಹಾಳೆಗಳು ಅಂಟಿಕೊಂಡಿದ್ದವು. ತಜ್ಞರು ಒಂದೊಂದೇ ಹಾಳೆ ಬಿಡಿಸಿ, ಚಿತ್ರ ತೆಗೆದು, ಮತ್ತೆ ಹೊಲಿದು ಅದನ್ನು ಅಂಟಾರ್ಕ್ಟಿಕಕ್ಕೇ ಮರಳಿಸಿದರು. ಒಳಗೆ ಲೆವಿಕ್ ಕೇಪ್ ಅಡೇರ್‌ನಲ್ಲಿ ತೆಗೆದ ಫೋಟೋಗಳ ಲೆಕ್ಕವಿತ್ತು. ಪೆನ್ಸಿಲಿನಲ್ಲಿ ಬರೆದ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು.